ಮನೆಯ ಸಂಗ್ರಹ ಸರ್ವರಿಗೆ ಯಾವ ಆಪರೇಟಿಂಗ್ ಸಿಸ್ಟಂ? ಒಬ್ಬ ಲೆಕ್ಕಪರಿಶೋಧಕನ ಅಭಿಪ್ರಾಯ

ದೀಪಾವಳಿಯ ಲಕ್ಷ್ಮೀಪೂಜೆಯಂದು ಹೊಸ ಖಾತೆಪುಸ್ತಕಕ್ಕೆ ಅರಿಶಿನ ಕುಂಕುಮವಿಟ್ಟು ಪೂಜಿಸುವ ಪದ್ಧತಿಯು ನಮ್ಮ ವ್ಯಾಪಾರಿ ಮನೆತನಗಳಲ್ಲಿ ಇಂದಿಗೂ ಉಳಿದುಬಂದಿದೆ. ಆದರೆ ಪೂಜೆಗೊಂಡ ಆ ಪುಸ್ತಕದಲ್ಲಿ ಮೊದಲ ಪುಟದ ಶ್ರೀಕಾರದ ಹೊರತು ಮುಂದೇನನ್ನಾದರೂ ಬರೆಯುವವರು ವಿರಳವಾಗಿದ್ದಾರೆ. ನಿಜವಾದ ಕೀರ್ದಿ, ಖತಾವಣಿ, ಖರೀದಿಯ ಬಿಲ್ಲುಗಳ ಪ್ರತಿ, ಸಾಗಣೆ ಪತ್ರ, ಬ್ಯಾಂಕಿನ ತಃಖ್ತೆ ಎಲ್ಲವೂ ಗಣಕಯಂತ್ರದೊಳಗೆ ಸೇರಿಹೋಗಿವೆ. ಅವುಗಳ ಸುರಕ್ಷತೆಯ ಬಗ್ಗೆ ನಮ್ಮ ಹಿರಿಯರು ತಿಜೋರಿಯ ಬಗ್ಗೆ ವಹಿಸುತ್ತಿದ್ದ ಕಾಳಜಿಯ ಹತ್ತರಲ್ಲೊಂದು ಭಾಗವನ್ನಾದರೂ ನಾವು ವಹಿಸುತ್ತಿದ್ದೇವೆಯೇ ಎಂಬುದು ವಿಚಾರಾರ್ಹ.

ಈಚೆಗೆ ಹಲವು ಸದಸ್ಯ ಬಂಧುಗಳು ನನ್ನಲ್ಲಿ ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ. "ಮನೆಯಲ್ಲೇ ಕಚೇರಿ ಇದೆ. ಹಳೆಯ ಕಂಪ್ಯೂಟರೊಂದಕ್ಕೆ ಎರಡು ದೊಡ್ಡ ಡಿಸ್ಕ್ ಹಾಕಿಸಿ, ಅಂಗಡಿಯ ದಾಖಲೆಗಳನ್ನೂ ಮನೆಯವರ ಭಾವಚಿತ್ರಗಳನ್ನೂ ಒಂದೆಡೆ ಇಡುವ ಸರ್ವರ್ ಮಾಡಿಕೊಳ್ಳಬೇಕೆಂದಿದ್ದೇನೆ. ಅದಕ್ಕೆ ಯಾವ ಆಪರೇಟಿಂಗ್ ಸಿಸ್ಟಂ ಹಾಕಿಸಲಿ?" ಎಂಬುದೇ ಆ ಪ್ರಶ್ನೆ. ನಾನು ತಂತ್ರಜ್ಞನಲ್ಲ, ವಾಣಿಜ್ಯಶಾಸ್ತ್ರ ಓದಿ ಲೆಕ್ಕಪರಿಶೋಧನೆಯನ್ನು ವೃತ್ತಿಯಾಗಿಸಿಕೊಂಡವನು. ಆದರೂ ಈ ಪ್ರಶ್ನೆಯಲ್ಲಿ ತಂತ್ರಜ್ಞಾನವು ಎಷ್ಟಿದೆಯೋ ಲೆಕ್ಕಪತ್ರದ ವಿವೇಕವೂ ಅಷ್ಟೇ ಇದೆಯೆಂಬುದು ಅನುಭವದಿಂದ ಮನವರಿಕೆಯಾಗಿರುವುದರಿಂದ ಈ ಕೆಲವು ಮಾತುಗಳನ್ನು ಬರೆಯಲು ಧೈರ್ಯ ಮಾಡಿದ್ದೇನೆ.

ಡಿಸ್ಕ್ ಇತ್ತು, ಓದುವವರಿರಲಿಲ್ಲ

ಕೃಷಿ ಯಂತ್ರಗಳ ಬಿಡಿಭಾಗಗಳನ್ನು ತಯಾರಿಸುವ ನನ್ನ ಕಕ್ಷಿದಾರರೊಬ್ಬರಿಗೆ 2023ರಲ್ಲಿ ಜಿ.ಎಸ್.ಟಿ. ಇಲಾಖೆಯಿಂದ ನೋಟೀಸು ಬಂತು. ಅದು 2017-18ನೇ ಸಾಲಿಗೆ, ಎಂದರೆ ಜಿ.ಎಸ್.ಟಿ.ಯ ಮೊದಲ ವರ್ಷಕ್ಕೆ ಸಂಬಂಧಿಸಿದ್ದು. ಅವರು ಪಡೆದಿದ್ದ ಹೂಡುವಳಿ ತೆರಿಗೆ ಜಮೆಗೂ ಮಾರಾಟಗಾರರು ಸಲ್ಲಿಸಿದ್ದ ವಿವರಗಳಿಗೂ ತಾಳೆಯಾಗುತ್ತಿರಲಿಲ್ಲ. ಇಂತಹ ವ್ಯತ್ಯಾಸಗಳ ಪರಿಹಾರಕ್ಕೆ ಕೇಂದ್ರ ಮಂಡಳಿಯು 2022ರ ಡಿಸೆಂಬರಿನಲ್ಲಿ ಸುತ್ತೋಲೆಯೊಂದನ್ನು ಹೊರಡಿಸಿತ್ತು. ಅದರಂತೆ ಮಾರಾಟಗಾರರಿಂದ ಪ್ರಮಾಣಪತ್ರ ತಂದರೆ ಜಮೆಯನ್ನು ಉಳಿಸಿಕೊಳ್ಳಲು ಅವಕಾಶವಿತ್ತು. ಆದರೆ ಅದಕ್ಕೆ ಮೊದಲು ಮೂಲ ಬಿಲ್ಲು ಕೈಯಲ್ಲಿರಬೇಕು.

ಬಿಲ್ಲುಗಳು ಮನೆಯ ಮೇಲ್ಮಹಡಿಯ ಸರ್ವರಿನಲ್ಲಿದ್ದವು. ಕಾಗದದ ಪ್ರತಿಗಳಲ್ಲಿ ಅರ್ಧದಷ್ಟನ್ನು ಗೆದ್ದಲು ತಿಂದಿತ್ತು, ಉಳಿದವುಗಳ ಅಕ್ಷರ ಮಾಸಿತ್ತು. ಆದ್ದರಿಂದಲೇ ಅವರು ಮುಂಜಾಗ್ರತೆಯಾಗಿ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಇಟ್ಟಿದ್ದರು. ಆದರೆ ನೋಟೀಸು ಬರುವ ಕೆಲವು ತಿಂಗಳ ಮೊದಲು, ಒಂದು ಮಳೆಗಾಲದ ರಾತ್ರಿ, ವಿದ್ಯುತ್ತಿನ ಏರಿಳಿತದಿಂದ ಆ ಯಂತ್ರದ ಮುಖ್ಯ ಫಲಕವೂ ಮೂರು ಡಿಸ್ಕ್‌ಗಳನ್ನು ಒಂದಾಗಿ ನಡೆಸುತ್ತಿದ್ದ ರೇಡ್ ಕಾರ್ಡೂ ಸುಟ್ಟುಹೋಗಿದ್ದವು. ಡಿಸ್ಕ್‌ಗಳಿಗೆ ಏನೂ ಆಗಿರಲಿಲ್ಲ. ಆದರೆ ಯಾವ ಬಿಲ್ಲಿನ ಯಾವ ತುಣುಕು ಯಾವ ಡಿಸ್ಕಿನಲ್ಲಿದೆ ಎಂಬ ಗುಟ್ಟು ಆ ಕಾರ್ಡಿಗೆ ಮಾತ್ರ ತಿಳಿದಿತ್ತು. ಅದೇ ಬಗೆಯ ಕಾರ್ಡು ಮಾರುಕಟ್ಟೆಯಿಂದ ಮಾಯವಾಗಿ ಎಷ್ಟೋ ಕಾಲವಾಗಿತ್ತು. ಯಂತ್ರವನ್ನು ಜೋಡಿಸಿಕೊಟ್ಟಿದ್ದ ತಂತ್ರಜ್ಞ ಕೊಲ್ಲಿ ರಾಷ್ಟ್ರಕ್ಕೆ ಹೋಗಿಬಿಟ್ಟಿದ್ದ. ಅವನು ಹಾಕಿದ್ದ ಆಪರೇಟಿಂಗ್ ಸಿಸ್ಟಂ ಪರವಾನಗಿಯಿಲ್ಲದ ಪ್ರತಿಯಾಗಿದ್ದರಿಂದ ಕೇಳಲು ಯಾವ ಬಾಗಿಲೂ ಇರಲಿಲ್ಲ. ಕೊನೆಗೆ ಬೆಂಗಳೂರಿನ ದತ್ತಾಂಶ ಮರುಪಡೆಯುವವರ ಬಳಿ ವಾರಗಟ್ಟಲೆ ಅಲೆದು, ದೊಡ್ಡ ಮೊತ್ತ ತೆತ್ತು, ಸುಮಾರು ಮೂರನೆಯ ಎರಡು ಭಾಗವನ್ನು ಹೊರತೆಗೆಸಲಾಯಿತು. ಉಳಿದ ಭಾಗದ ತೆರಿಗೆಯನ್ನು ಬಡ್ಡಿಸಹಿತ ಕಟ್ಟಬೇಕಾಯಿತು. ಒಮ್ಮೆ ಮಾರಾಟಗಾರನಿಗೆ ಕೊಟ್ಟ ತೆರಿಗೆಯನ್ನು ಎರಡನೆಯ ಬಾರಿ ಸರ್ಕಾರಕ್ಕೆ ಕೊಟ್ಟಂತಾಯಿತು.

ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಭಾಗದ ಹಳೆಯ ಮನೆತನಗಳಲ್ಲಿ ಮೋಡಿ ಲಿಪಿಯ ದಸ್ತಾವೇಜುಗಳನ್ನು ಕಂಡವರಿಗೆ ಈ ಸಂಕಟ ಹೊಸದೇನಲ್ಲ. ಕಾಗದ ಗಟ್ಟಿಯಾಗಿದೆ, ಶಾಯಿ ಕಪ್ಪಾಗಿದೆ, ಅಕ್ಷರ ಸ್ಫುಟವಾಗಿದೆ. ಓದಬಲ್ಲವರು ಮಾತ್ರ ಇಲ್ಲ. ಮುತ್ತಜ್ಜನ ಜಮೀನಿನ ಕಾಗದ ಕೈಯಲ್ಲಿದ್ದರೂ ಮೋಡಿ ಬಲ್ಲವರನ್ನು ಊರೂರು ಹುಡುಕಬೇಕು. ಸರ್ವರಿನ ಆಪರೇಟಿಂಗ್ ಸಿಸ್ಟಂ ಎಂಬುದು, ನನ್ನ ದೃಷ್ಟಿಯಲ್ಲಿ, ನಮ್ಮ ದಾಖಲೆಗಳನ್ನು ಯಾವ ಲಿಪಿಯಲ್ಲಿ ಬರೆದಿಡಬೇಕೆಂಬ ಆಯ್ಕೆ. ವೇಗ, ಚೆಂದದ ಪರದೆ, ಚಲನಚಿತ್ರ ತೋರಿಸುವ ಸೌಕರ್ಯ ಮುಂತಾದವೆಲ್ಲ ಆಮೇಲಿನ ಮಾತು.

ಬಿಲ್ಲಿನ ಆಯುಸ್ಸು, ಯಂತ್ರದ ಆಯುಸ್ಸು

ಕಾನೂನು ನಮ್ಮಿಂದ ಅಪೇಕ್ಷಿಸುವುದೇನೆಂಬುದನ್ನು ಮೊದಲು ನೋಡೋಣ. ಕೇಂದ್ರ ಜಿ.ಎಸ್.ಟಿ. ಕಾಯಿದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣೆ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಕಾಪಾಡಬೇಕು. 2017-18ನೇ ಸಾಲಿನ ವಾರ್ಷಿಕ ವಿವರಣೆಯ ಕೊನೆಯ ದಿನಾಂಕವು ಮುಂದೂಡಲ್ಪಡುತ್ತಾ 2020ರ ಫೆಬ್ರವರಿಗೆ ಬಂದು ನಿಂತಿತು. ಎಂದರೆ 2017ರ ಜುಲೈಯಲ್ಲಿ ಕೊಂಡ ಒಂದು ಪೆಟ್ಟಿಗೆ ಬೋಲ್ಟಿನ ಬಿಲ್ಲನ್ನು 2026ರ ಫೆಬ್ರವರಿಯವರೆಗೆ, ಸುಮಾರು ಎಂಟೂವರೆ ವರ್ಷ ಇಟ್ಟುಕೊಳ್ಳಬೇಕಾಯಿತು. ಮೇಲ್ಮನವಿಯಿದ್ದರೆ ಅದು ಇತ್ಯರ್ಥವಾಗಿ ಒಂದು ವರ್ಷ ಕಳೆಯುವವರೆಗೂ ಇಡಬೇಕು. ಖಾಸಗಿ ಕಂಪನಿಯಾಗಿ ನೋಂದಾಯಿಸಿಕೊಂಡವರು 2013ರ ಕಂಪನಿ ಕಾಯಿದೆಯ 128ನೆಯ ಕಲಮಿನಂತೆ ಹಿಂದಿನ ಎಂಟು ಹಣಕಾಸು ವರ್ಷಗಳ ಪುಸ್ತಕಗಳನ್ನು ಇಡತಕ್ಕದ್ದು.

ಇದಲ್ಲದೆ ಜಿ.ಎಸ್.ಟಿ. ನಿಯಮಾವಳಿಯ 57ನೆಯ ನಿಯಮವು, ವಿದ್ಯುನ್ಮಾನ ದಾಖಲೆಗಳು ಅಪಘಾತದಿಂದಲೋ ನೈಸರ್ಗಿಕ ಕಾರಣದಿಂದಲೋ ನಾಶವಾದರೆ ಸಮಂಜಸವಾದ ಅವಧಿಯಲ್ಲಿ ಮರಳಿ ಸ್ಥಾಪಿಸಲು ಬರುವಂತೆ ನಕಲು ಇಟ್ಟಿರಬೇಕೆಂದು ವಿಧಿಸುತ್ತದೆ. ಕಂಪನಿಗಳಿಗಾದರೆ 2022ರ ಆಗಸ್ಟ್ ತಿದ್ದುಪಡಿಯ ತರುವಾಯ ಭಾರತದೊಳಗೇ ಇರುವ ಸರ್ವರಿನಲ್ಲಿ ಪ್ರತಿದಿನವೂ ನಕಲು ಇಡುವುದು ಕಡ್ಡಾಯ. ಮನೆಯಲ್ಲಿರುವ ಸರ್ವರು ಈ ಎರಡನೆಯ ಷರತ್ತನ್ನು ಸುಲಭವಾಗಿ ಪೂರೈಸಬಲ್ಲದು. ಆದರೆ ಮೂಲ ಲೆಕ್ಕಪತ್ರಗಳು ನೋಂದಣಿ ಪತ್ರದಲ್ಲಿ ಕಾಣಿಸಿದ ಮುಖ್ಯ ವ್ಯವಹಾರ ಸ್ಥಳದಲ್ಲಿ ದೊರೆಯಬೇಕೆಂಬುದನ್ನು ಮರೆಯಬಾರದು. ಮನೆಯು ಆ ಸ್ಥಳವಲ್ಲದಿದ್ದಲ್ಲಿ ಅಲ್ಲಿರುವುದು ನಕಲು ಮಾತ್ರವಾಗಿರಲಿ.

ಈಗ ಎಂಟೂವರೆ ವರ್ಷವೆಂಬ ಈ ಅಳತೆಗೋಲನ್ನು ಹಿಡಿದು ಯಂತ್ರದ ಕಡೆಗೆ ನೋಡೋಣ. ನಮ್ಮ ಧೂಳು, ಸೆಕೆ, ವಿದ್ಯುತ್ ಕಡಿತಗಳ ನಡುವೆ ಒಂದು ಡಿಸ್ಕು ಐದಾರು ವರ್ಷ ನಡೆದರೆ ಪುಣ್ಯವೆನ್ನಬೇಕು. ಆದುದರಿಂದ ಬಿಲ್ಲಿನ ಆಯುಸ್ಸು ಮುಗಿಯುವುದರೊಳಗೆ ಡಿಸ್ಕನ್ನೂ ಬಹುಶಃ ಯಂತ್ರವನ್ನೂ ಒಮ್ಮೆಯಾದರೂ ಬದಲಿಸಬೇಕಾಗುತ್ತದೆ. ಆ ಬದಲಾವಣೆಯನ್ನು ದಾಖಲೆಗಳು ಸುರಕ್ಷಿತವಾಗಿ ದಾಟಬೇಕು. ಆಪರೇಟಿಂಗ್ ಸಿಸ್ಟಂ ಆರಿಸುವವರು ಮೊದಲು ಯೋಚಿಸಬೇಕಾದದ್ದು ಈ ದಾಟುವಿಕೆಯನ್ನು.

ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಹೊಸ ಗುಮಾಸ್ತನನ್ನು ನೇಮಿಸುವಾಗ ನಾವು ಕೆಲವು ಪ್ರಶ್ನೆಗಳನ್ನು ಕೇಳುತ್ತೇವೆ. ಆಪರೇಟಿಂಗ್ ಸಿಸ್ಟಮ್ಮಿಗೂ ಅಂತಹವೇ ನಾಲ್ಕು ಪ್ರಶ್ನೆಗಳು ಸಾಕು.

ಮೊದಲನೆಯದು, ಯಂತ್ರ ಸುಟ್ಟುಹೋದರೆ ಈ ಡಿಸ್ಕನ್ನು ತೆಗೆದು ಬೇರೊಂದು ಕಂಪನಿಯ ಬೇರೊಂದು ಯಂತ್ರಕ್ಕೆ ಹಾಕಿ ಓದಬಹುದೇ? ಎರಡನೆಯದು, ಡಿಸ್ಕಿನಲ್ಲಿ ಬರೆದದ್ದು ತಾನಾಗಿಯೇ ಕೆಟ್ಟಿದ್ದರೆ ಅದನ್ನು ಈ ವ್ಯವಸ್ಥೆಯು ಪತ್ತೆಹಚ್ಚುವುದೇ? ತಾಳೆಪಟ್ಟಿ ಇಲ್ಲದ ಖತಾವಣಿಯನ್ನು ನಾವು ನಂಬುವುದಿಲ್ಲವಷ್ಟೇ. ಮೂರನೆಯದು, ಇದನ್ನು ತಯಾರಿಸಿ ದುರಸ್ತಿ ಮಾಡುತ್ತಿರುವವರು ಯಾರು, ಅವರ ಖರ್ಚು ಎಲ್ಲಿಂದ ಹುಟ್ಟುತ್ತದೆ, ಅವರು ಕೈಬಿಟ್ಟರೆ ನಮ್ಮ ಗತಿಯೇನು? ನಾಲ್ಕನೆಯದು, ನಮ್ಮ ಊರಿನಲ್ಲಿ ಇದನ್ನು ಬಲ್ಲವರು ಕನಿಷ್ಠ ಇಬ್ಬರಾದರೂ ಇದ್ದಾರೆಯೇ? ಒಬ್ಬರು ಎಂದರೆ ಯಾರೂ ಇಲ್ಲವೆಂದೇ ಲೆಕ್ಕ, ಕೊಲ್ಲಿ ರಾಷ್ಟ್ರದ ವಿಮಾನ ಯಾವಾಗಲೂ ಸಿದ್ಧವಿರುತ್ತದೆ.

ಮೂರನೆಯ ಪ್ರಶ್ನೆಯ ಮಹತ್ವಕ್ಕೆ ಇತಿಹಾಸದ ಒಂದು ಪಾಠವನ್ನು ಹೇಳಬೇಕು. ಮನೆಯ ಸಂಗ್ರಹಕ್ಕೆಂದೇ ಮೈಕ್ರೋಸಾಫ್ಟ್ ಸಂಸ್ಥೆಯು 2007ರಲ್ಲಿ ವಿಂಡೋಸ್ ಹೋಂ ಸರ್ವರ್ ಎಂಬುದನ್ನು ಹೊರತಂದಿತು. ಬೇರೆ ಬೇರೆ ಅಳತೆಯ ಡಿಸ್ಕ್‌ಗಳನ್ನು ಒಂದೇ ಉಗ್ರಾಣದಂತೆ ಕಾಣಿಸುವ ಡ್ರೈವ್ ಎಕ್ಸ್‌ಟೆಂಡರ್ ಎಂಬ ಸೌಲಭ್ಯ ಅದರ ಮುಖ್ಯ ಆಕರ್ಷಣೆ. ಆದರೆ ಒಂದಕ್ಕಿಂತ ಹೆಚ್ಚು ಡಿಸ್ಕ್ ಇದ್ದಾಗ ಕೆಲವು ತಂತ್ರಾಂಶಗಳಿಂದ ನೇರವಾಗಿ ಸರ್ವರಿನಲ್ಲಿ ತಿದ್ದಿದ ಕಡತಗಳು ಕೆಡುತ್ತಿವೆಯೆಂದು ಅದೇ ವರ್ಷದ ಡಿಸೆಂಬರಿನಲ್ಲಿ ಸಂಸ್ಥೆಯೇ ಒಪ್ಪಿಕೊಂಡಿತು. ಹಾಗೆ ತೊಂದರೆಗೊಳಗಾಗಬಹುದಾದವುಗಳ ಪಟ್ಟಿಯಲ್ಲಿ ಲೆಕ್ಕವಿಡುವ ಮೈಕ್ರೋಸಾಫ್ಟ್ ಮನಿ ಕೂಡ ಇತ್ತು. ದುರಸ್ತಿ ಬಂದದ್ದು 2008ರ ಜುಲೈಯಲ್ಲಿ. 2010ರ ನವೆಂಬರಿನಲ್ಲಿ ಆ ಸೌಲಭ್ಯವನ್ನೇ ಮುಂದಿನ ಆವೃತ್ತಿಯಿಂದ ತೆಗೆದುಹಾಕುವುದಾಗಿ ಘೋಷಿಸಲಾಯಿತು. 2011ರ ಆವೃತ್ತಿಯೇ ಕೊನೆಯದಾಯಿತು, ಅದರ ಬೆಂಬಲವೂ 2016ರಲ್ಲಿ ಮುಗಿಯಿತು. ಜಗತ್ತಿನ ಅತಿ ಶ್ರೀಮಂತ ಸಂಸ್ಥೆಗಳಲ್ಲೊಂದು ನಿಂತು ನಡೆಸಿದರೂ ಆ ವ್ಯವಸ್ಥೆಯ ಒಟ್ಟು ಬಾಳು ನಮ್ಮ ಬೋಲ್ಟಿನ ಬಿಲ್ಲಿನ ಬಾಳಿಗಿಂತ ಹೆಚ್ಚೇನೂ ಆಗಲಿಲ್ಲ.

ಉಚಿತ ತಂತ್ರಾಂಶವೆಂದ ಮಾತ್ರಕ್ಕೆ ಭರವಸೆ ಇರುತ್ತದೆಯೆಂದೂ ತಿಳಿಯಬಾರದು. ಸರ್ವರುಗಳಿಗೆ ಪ್ರಸಿದ್ಧವಾಗಿದ್ದ ಸೆಂಟ್‌ಓಎಸ್ 8 ಎಂಬ ಲಿನಕ್ಸ್ ಆವೃತ್ತಿಗೆ 2029ರವರೆಗೆ ಬೆಂಬಲವಿರುವುದೆಂದು ಜನರು ನಂಬಿದ್ದರು. 2020ರ ಡಿಸೆಂಬರಿನಲ್ಲಿ ಆ ಅವಧಿಯನ್ನು 2021ರ ಅಂತ್ಯಕ್ಕೆ ಮೊಟಕುಗೊಳಿಸಲಾಯಿತು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಡಿಸ್ಕಿನ ಮೇಲಿನ ಬರವಣಿಗೆ ತೆರೆದ ಲಿಪಿಯಲ್ಲಿದ್ದುದರಿಂದ ಅದರ ಬಳಕೆದಾರರು ಬೇರೆ ಲಿನಕ್ಸ್‌ಗೆ ಹೋದರೂ ದತ್ತಾಂಶ ಹಾಗೆಯೇ ಓದಲು ಬಂತು. ಮನೆ ಬದಲಾಯಿತು, ಪುಸ್ತಕ ಬದಲಾಗಲಿಲ್ಲ.

ಇರುವ ಆಯ್ಕೆಗಳು

ವಿಂಡೋಸ್: ಬಹುಮಂದಿ ಮೊದಲು ಯೋಚಿಸುವುದು ಇದನ್ನೇ. ಎಲ್ಲರಿಗೂ ಪರಿಚಿತ, ಊರಿನಲ್ಲಿ ಬಲ್ಲವರು ಹೇರಳ, ಡಿಸ್ಕನ್ನು ಬೇರೆ ವಿಂಡೋಸ್ ಯಂತ್ರದಲ್ಲಿ ಓದಬಹುದು. ಮೊದಲ ಮತ್ತು ನಾಲ್ಕನೆಯ ಪ್ರಶ್ನೆಗಳಲ್ಲಿ ಅದು ಉತ್ತೀರ್ಣ. ಎರಡನೆಯದರಲ್ಲಿ ಅನುತ್ತೀರ್ಣ, ಏಕೆಂದರೆ ಅದರ ಸಾಮಾನ್ಯ ಎನ್‌ಟಿಎಫ್‌ಎಸ್ ಪದ್ಧತಿಯು ಕಡತದೊಳಗಿನ ವಿಷಯ ಕೆಟ್ಟಿದೆಯೇ ಎಂದು ತಾಳೆ ನೋಡುವುದಿಲ್ಲ. ಮೇಲಾಗಿ ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಳೆಯ ಯಂತ್ರಗಳನ್ನು ಅಧಿಕೃತವಾಗಿ ಒಪ್ಪಿಕೊಳ್ಳುವುದಿಲ್ಲ. ಹೀಗಾಗಿ ಕಚೇರಿಗಳಲ್ಲಿ ಚೆನ್ನಾಗಿ ನಡೆಯುತ್ತಿರುವ ಎಷ್ಟೋ ಕಂಪ್ಯೂಟರುಗಳು ನಿರುಪಯುಕ್ತವೆನಿಸಿ ಮೂಲೆ ಸೇರುತ್ತಿವೆ. ಅವುಗಳೇ ಮುಂದೆ ಹೇಳುವ ವ್ಯವಸ್ಥೆಗಳಿಗೆ ತಕ್ಕ ಯಂತ್ರಗಳು ಎಂಬುದು ವ್ಯಾಪಾರಿಗೆ ಸಂತೋಷದ ಸಂಗತಿ. ಪರವಾನಗಿಯಿಲ್ಲದ ವಿಂಡೋಸ್ ಸರ್ವರ್ ಪ್ರತಿಯ ಬಗ್ಗೆ ಹೇಳಬೇಕಾದದ್ದನ್ನು ಆಗಲೇ ಹೇಳಿದ್ದೇನೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶವು ಜಗತ್ತಿನಾದ್ಯಂತ ಹಿಡಿದದ್ದು ಬಹುತೇಕ ಸುರಕ್ಷತಾ ತಿದ್ದುಪಡಿಗಳನ್ನು ಹಾಕಿಸದಿದ್ದ ವಿಂಡೋಸ್ ಯಂತ್ರಗಳನ್ನು.

ಓಪನ್‌ಮೀಡಿಯಾವಾಲ್ಟ್: ಇದು ಡೆಬಿಯನ್ ಎಂಬ ಲಿನಕ್ಸಿನ ಮೇಲೆ ಕಟ್ಟಿದ ಉಚಿತ ವ್ಯವಸ್ಥೆ. 2011ರಿಂದ ನಡೆದುಬಂದಿದೆ. ಅಲ್ಪ ಸ್ಮೃತಿಯ ಹಳೆಯ ಯಂತ್ರದಲ್ಲೂ, ಅಂಗೈಯಗಲದ ರಾಸ್ಪ್‌ಬೆರಿ ಪೈ ಫಲಕದಲ್ಲೂ ನಡೆಯುತ್ತದೆ. ಡಿಸ್ಕಿನ ಬರವಣಿಗೆ ಲಿನಕ್ಸಿನ ಸಾಮಾನ್ಯ ಪದ್ಧತಿಯದಾದ್ದರಿಂದ ಯಾವುದೇ ಲಿನಕ್ಸ್ ಯಂತ್ರದಲ್ಲಿ ಓದಬಹುದು. ಇದರ ದೌರ್ಬಲ್ಯ ಮೂರನೆಯ ಪ್ರಶ್ನೆಯಲ್ಲಿದೆ. ಇದರ ಮುಖ್ಯ ಭಾರವನ್ನು ಹೊತ್ತಿರುವವರು ಫೋಲ್ಕರ್ ಟೈಲೆ ಎಂಬ ಒಬ್ಬರೇ ತಂತ್ರಜ್ಞರು. ಏಕಮಾಲೀಕ ಸಂಸ್ಥೆಯ ಗುಣವೂ ಅಪಾಯವೂ ಇದಕ್ಕಿವೆ. ಆದರೆ ಅವರು ನಾಳೆ ನಿಲ್ಲಿಸಿದರೂ ಅಡಿಯಲ್ಲಿರುವ ಡೆಬಿಯನ್ ಉಳಿಯುತ್ತದೆ, ನಮ್ಮ ಡಿಸ್ಕು ಮೋಡಿ ಲಿಪಿಯಾಗುವುದಿಲ್ಲ. ರೂಢಿಯ ಎಕ್ಸ್ಟ್4 ಪದ್ಧತಿಯಲ್ಲಿ ಕಡತದ ವಿಷಯಕ್ಕೆ ತಾಳೆ ಇಲ್ಲ. ಬೇಕೆಂದವರು ಝಡ್‌ಎಫ್‌ಎಸ್ ಪದ್ಧತಿಯನ್ನು ಹೆಚ್ಚುವರಿ ಘಟಕವಾಗಿ ಸೇರಿಸಿಕೊಳ್ಳಬಹುದು.

ಟ್ರೂನ್ಯಾಸ್: ನಾನು ಹೆಚ್ಚು ಮೆಚ್ಚುವುದು ಇದನ್ನು, ಅದಕ್ಕೆ ಕಾರಣ ಇದರ ಅಡಿಪಾಯವಾದ ಝಡ್‌ಎಫ್‌ಎಸ್. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ 2001ರಲ್ಲಿ ಆರಂಭವಾಗಿ 2005ರಲ್ಲಿ ಮುಕ್ತವಾಗಿ ಹೊರಬಂದ ಈ ಪದ್ಧತಿಯು ಲೆಕ್ಕಿಗನ ಮನೋಧರ್ಮದ್ದೆಂದರೆ ತಪ್ಪಾಗಲಾರದು. ಬರೆದ ಪ್ರತಿಯೊಂದು ತುಣುಕಿಗೂ ಒಂದು ತಾಳೆಮೊತ್ತವನ್ನು ಬೇರೆಡೆ ಬರೆದಿಡುತ್ತದೆ. ಓದುವಾಗ ಮೊತ್ತ ಕೂಡದಿದ್ದರೆ ಜೋಡಿ ಡಿಸ್ಕಿನಲ್ಲಿರುವ ಸರಿಯಾದ ಪ್ರತಿಯನ್ನು ತಂದು ಕೆಟ್ಟದ್ದನ್ನು ತಿದ್ದುತ್ತದೆ. ನಿಗದಿತ ದಿನದಂದು ಇಡೀ ಡಿಸ್ಕನ್ನು ತಾನೇ ಪರಿಶೋಧಿಸುತ್ತದೆ. ಹಳೆಯ ಬರವಣಿಗೆಯ ಮೇಲೆಯೇ ಹೊಸದನ್ನು ಗೀಚುವುದಿಲ್ಲ, ಹೊಸ ಜಾಗದಲ್ಲಿ ಬರೆದು ಆಮೇಲೆ ಸೂಚಿಯನ್ನು ಬದಲಿಸುತ್ತದೆ. ಆದ್ದರಿಂದಲೇ ಸ್ನ್ಯಾಪ್‌ಶಾಟ್ ಎಂಬ, ಆ ಕ್ಷಣದ ಸ್ಥಿತಿಯ ತಿದ್ದಲಾಗದ ಚಿತ್ರವನ್ನು ಕ್ಷಣಮಾತ್ರದಲ್ಲಿ ತೆಗೆದಿಡಬಲ್ಲದು. ಗುಮಾಸ್ತನ ಕಂಪ್ಯೂಟರಿಗೆ ಸುಲಿಗೆ ತಂತ್ರಾಂಶ ಹೊಕ್ಕು ಸರ್ವರಿನ ಕಡತಗಳನ್ನೆಲ್ಲ ಬೀಗ ಹಾಕಿತೆಂದುಕೊಳ್ಳಿ, ನಿನ್ನೆ ಸಂಜೆಯ ಸ್ನ್ಯಾಪ್‌ಶಾಟಿಗೆ ಮರಳಿದರೆ ಒಂದು ದಿನದ ಕೆಲಸ ಮಾತ್ರ ನಷ್ಟವಾಗುತ್ತದೆ.

ಈ ವ್ಯವಸ್ಥೆಯ ಚರಿತ್ರೆಯೂ ನನ್ನ ವಾದಕ್ಕೆ ಸಾಕ್ಷಿ. ಇದು 2005ರಲ್ಲಿ ಫ್ರಾನ್ಸಿನ ಒಲಿವಿಯೆ ಕೊಷಾರ್-ಲಾಬೆ ಎಂಬವರಿಂದ ಫ್ರೀನ್ಯಾಸ್ ಎಂಬ ಹೆಸರಿನಲ್ಲಿ ಹುಟ್ಟಿತು. ಮುಂದೆ ಐಎಕ್ಸ್‌ಸಿಸ್ಟಮ್ಸ್ ಎಂಬ ಅಮೆರಿಕದ ಸಂಸ್ಥೆಯ ಕೈಸೇರಿ, 2020ರಲ್ಲಿ ಟ್ರೂನ್ಯಾಸ್ ಕೋರ್ ಆಯಿತು. 2022ರಲ್ಲಿ ಅಡಿಪಾಯವನ್ನೇ ಫ್ರೀಬಿಎಸ್‌ಡಿಯಿಂದ ಲಿನಕ್ಸಿಗೆ ಬದಲಿಸಿದ ಸ್ಕೇಲ್ ಎಂಬ ಆವೃತ್ತಿ ಬಂತು, ಕ್ರಮೇಣ ಹಳೆಯ ಕೋರ್ ಹಿಂದೆ ಸರಿಯಿತು. ಬಳಕೆದಾರರಲ್ಲಿ ಅಸಮಾಧಾನವೂ ಹುಟ್ಟಿತು. ಆದರೂ ಫ್ರೀಬಿಎಸ್‌ಡಿಯಲ್ಲಿ ಬರೆದ ಝಡ್‌ಎಫ್‌ಎಸ್ ಡಿಸ್ಕ್‌ಗಳನ್ನು ಲಿನಕ್ಸ್ ಆವೃತ್ತಿಯು ಹಾಗೆಯೇ ಎತ್ತಿಕೊಂಡು ಓದಿತು. ಸಂಸ್ಥೆಯು ನಾಳೆ ಬೇರೇನಾದರೂ ತೀರ್ಮಾನಿಸಿದರೆ ಝಡ್‌ಎಫ್‌ಎಸ್ ಬಲ್ಲ ಬೇರೊಂದು ಲಿನಕ್ಸಿಗೆ ಡಿಸ್ಕನ್ನು ಒಯ್ಯಬಹುದು. ಇದಕ್ಕೆ ಕನಿಷ್ಠ 8 ಜಿಬಿ ಸ್ಮೃತಿ ಬೇಕು, ವ್ಯವಸ್ಥೆಗೆಂದೇ ಒಂದು ಪ್ರತ್ಯೇಕ ಸಣ್ಣ ಡಿಸ್ಕು ಬೇಕು, ಸಂಗ್ರಹದ ಡಿಸ್ಕ್‌ಗಳು ಒಂದೇ ಅಳತೆಯವಾಗಿದ್ದರೆ ಒಳ್ಳೆಯದು. ಕಲಿಯುವ ಶ್ರಮವೂ ಕೊಂಚ ಹೆಚ್ಚು.

ಅನ್‌ರೇಡ್: ಇದಕ್ಕೆ ಹಣ ಕೊಡಬೇಕು. 2024ರಿಂದ ಕಡಿಮೆ ದರದ ಪರವಾನಗಿಗಳಲ್ಲಿ ಮೊದಲ ವರ್ಷದ ನಂತರ ಹೊಸ ಆವೃತ್ತಿಗಳಿಗೆ ಮತ್ತೆ ಶುಲ್ಕವಿದೆ. ಬೇರೆ ಬೇರೆ ಅಳತೆಯ ಹಳೆಯ ಡಿಸ್ಕ್‌ಗಳನ್ನು ಒಟ್ಟುಗೂಡಿಸುವುದು ಇದರ ವಿಶೇಷ. ಪ್ರತಿ ಡಿಸ್ಕೂ ಸ್ವತಂತ್ರವಾಗಿ ಓದಲು ಬರುವುದು ದೊಡ್ಡ ಗುಣ. ಭಾವಚಿತ್ರ, ಚಲನಚಿತ್ರಗಳ ಸಂಗ್ರಹವೇ ಮುಖ್ಯವಾದ ಮನೆಗಳಿಗೆ ಒಪ್ಪುತ್ತದೆ.

ಸಿದ್ಧ ಪೆಟ್ಟಿಗೆಗಳು: ಸೈನಾಲಜಿ, ಕ್ಯೂನ್ಯಾಪ್ ಮುಂತಾದ ಸಂಸ್ಥೆಗಳ ಪೆಟ್ಟಿಗೆಗಳಲ್ಲಿ ಅವರವರ ಆಪರೇಟಿಂಗ್ ಸಿಸ್ಟಂ ಇರುತ್ತದೆ, ಆಯ್ಕೆಯ ತಲೆನೋವಿಲ್ಲ. ತಂತ್ರಜ್ಞರ ನೆರವು ಸಿಗದವರಿಗೆ ಇದನ್ನು ನಾನು ತಳ್ಳಿಹಾಕುವುದಿಲ್ಲ. ಸೈನಾಲಜಿಯ ಡಿಸ್ಕ್‌ಗಳನ್ನು ಅಗತ್ಯಬಿದ್ದರೆ ಲಿನಕ್ಸ್ ಯಂತ್ರದಲ್ಲಿ ಓದುವ ವಿಧಾನವನ್ನು ಆ ಸಂಸ್ಥೆಯೇ ತಿಳಿಸಿದೆ. ಆದರೆ ಮಾಲೀಕತ್ವ ಯಾರದೆಂಬ ಪ್ರಶ್ನೆ ಇಲ್ಲಿ ಏಳುತ್ತದೆ. 2025ರಲ್ಲಿ ಅದೇ ಸಂಸ್ಥೆಯು ತನ್ನ ಹೊಸ ಪ್ಲಸ್ ಮಾದರಿಗಳಿಗೆ ತಾನು ಮಾನ್ಯಮಾಡಿದ ಡಿಸ್ಕನ್ನೇ ಹಾಕಬೇಕೆಂಬ ನಿರ್ಬಂಧ ತಂದಿತು. ಗ್ರಾಹಕರ ವಿರೋಧದ ನಂತರ ಅಕ್ಟೋಬರಿನಲ್ಲಿ ಅದನ್ನು ಸಡಿಲಿಸಿತು. ಬೆಂಬಲ ನಿಂತ ಪೆಟ್ಟಿಗೆಯ ಕಥೆ ಇನ್ನೂ ಕೆಟ್ಟದ್ದು. ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಎಂಬ ಪೆಟ್ಟಿಗೆಗೆ ಕೊನೆಯ ತಿದ್ದುಪಡಿ ಬಂದದ್ದು 2015ರಲ್ಲಿ. 2021ರ ಜೂನಿನಲ್ಲಿ ದೂರದಿಂದ ನುಗ್ಗಿದವರು ಅಂತಹ ಅನೇಕ ಪೆಟ್ಟಿಗೆಗಳನ್ನು ಒಂದೇ ಆಜ್ಞೆಯಿಂದ ಬರಿದುಮಾಡಿದರು. 2022ರ ಜನವರಿಯಲ್ಲಿ ಅಂತರಜಾಲಕ್ಕೆ ನೇರವಾಗಿ ತೆರೆದಿಟ್ಟಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳನ್ನು ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ ಹಿಡಿಯಿತು. ಯಾವ ವ್ಯವಸ್ಥೆಯನ್ನೇ ಹಾಕಿಸಿ, ಮನೆಯ ಸರ್ವರನ್ನು ಅಂತರಜಾಲಕ್ಕೆ ನೇರವಾಗಿ ತೆರೆಯಬೇಡಿ.

ಎರಡು ಆಕ್ಷೇಪಗಳು

"ಇಷ್ಟೆಲ್ಲ ಏಕೆ, ಕ್ಲೌಡ್ ಇದೆಯಲ್ಲ" ಎನ್ನುವವರಿದ್ದಾರೆ. ಕ್ಲೌಡ್ ಬೇಕು, ಎರಡನೆಯ ನಕಲಿಗೆ. ಆದರೆ ಎಂಟು ವರ್ಷದ ದಾಖಲೆಗಳ ಏಕೈಕ ಪ್ರತಿಯನ್ನು ತಿಂಗಳ ಬಾಡಿಗೆಯ ಉಗ್ರಾಣದಲ್ಲಿಟ್ಟು, ಒಂದು ಪಾವತಿ ತಪ್ಪಿದರೆ ಅಥವಾ ಗುಪ್ತಪದ ಬಲ್ಲ ಗುಮಾಸ್ತ ಕೆಲಸ ಬಿಟ್ಟರೆ ಬಾಗಿಲು ಮುಚ್ಚುವ ಸ್ಥಿತಿಯಲ್ಲಿರುವುದು ವ್ಯಾಪಾರಿಗೆ ತಕ್ಕುದಲ್ಲ. ಕಂಪನಿಗಳಾದರೆ ಆ ಸರ್ವರು ಭಾರತದಲ್ಲಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು.

"ಎರಡು ಡಿಸ್ಕ್ ಜೋಡಿಯಾಗಿ ಇವೆ, ಅದೇ ನಕಲು" ಎಂಬುದು ಎರಡನೆಯ ಮಾತು. ಇದಕ್ಕಿಂತ ಅಪಾಯಕರವಾದ ತಪ್ಪು ತಿಳಿವಳಿಕೆ ಬೇರೊಂದಿಲ್ಲ. ಜೋಡಿ ಡಿಸ್ಕು ಒಂದು ಡಿಸ್ಕು ಸತ್ತರೆ ಕೆಲಸ ನಿಲ್ಲದಂತೆ ಕಾಯುತ್ತದೆ. ಕೈತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ, ಬೆಂಕಿ ಬಿದ್ದರೆ ಎರಡೂ ಸುಡುತ್ತವೆ, ಕಳ್ಳ ಬಂದರೆ ಪೆಟ್ಟಿಗೆಯನ್ನೇ ಹೊತ್ತೊಯ್ಯುತ್ತಾನೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ ಎಂಬ ಪ್ರಸಿದ್ಧ ಸೂತ್ರಕ್ಕೆ ಯಾವ ಆಪರೇಟಿಂಗ್ ಸಿಸ್ಟಮ್ಮೂ ಪರ್ಯಾಯವಲ್ಲ.

ನನ್ನ ಶಿಫಾರಸು

ಐದಾರು ಕಂಪ್ಯೂಟರುಗಳಿರುವ, 8 ಜಿಬಿ ಸ್ಮೃತಿಯ ಹಳೆಯ ಯಂತ್ರವೊಂದು ಬಿಡುವಾಗಿರುವ ಸದಸ್ಯರು ಟ್ರೂನ್ಯಾಸ್ ಹಾಕಿಸಿ, ಒಂದೇ ಅಳತೆಯ ಎರಡು ಡಿಸ್ಕ್‌ಗಳನ್ನು ಝಡ್‌ಎಫ್‌ಎಸ್ ಜೋಡಿಯಾಗಿ ಇಡಿಸಲಿ. ಯಂತ್ರ ತೀರ ಹಳೆಯದಾಗಿದ್ದು ಬಳಸುವವರು ಒಬ್ಬಿಬ್ಬರೇ ಆಗಿದ್ದರೆ ಓಪನ್‌ಮೀಡಿಯಾವಾಲ್ಟ್ ಸಾಕು. ತಂತ್ರಜ್ಞರೇ ಸಿಗದ ಊರಿನವರು ಸಿದ್ಧ ಪೆಟ್ಟಿಗೆ ಕೊಳ್ಳಲಿ, ಬೆಂಬಲ ಎಂದಿನವರೆಗೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಲಿ. ಮೂರೂ ಸಂದರ್ಭಗಳಲ್ಲಿ ರೇಡ್ ಕಾರ್ಡನ್ನು ದೂರವಿಡಿ. ಡಿಸ್ಕ್‌ಗಳನ್ನು ಜೋಡಿಸುವ ಕೆಲಸವನ್ನು ತಂತ್ರಾಂಶವೇ ಮಾಡಲಿ, ಆಗ ಗುಟ್ಟು ಡಿಸ್ಕಿನಲ್ಲೇ ಇರುತ್ತದೆ.

ಟ್ಯಾಲಿ ಬಳಸುವವರು ಚಾಲ್ತಿ ಲೆಕ್ಕವನ್ನು ಕಚೇರಿಯ ಕಂಪ್ಯೂಟರಿನಲ್ಲೇ ಇಟ್ಟು, ಪ್ರತಿದಿನ ಸಂಜೆ ಟ್ಯಾಲಿಯ ಮೂಲಕವೇ ಬ್ಯಾಕಪ್ ತೆಗೆದು ಆ ಕಡತವನ್ನು ಸರ್ವರಿಗೆ ಕಳಿಸುವುದು ಲೇಸು. ತೆರೆದಿರುವ ಲೆಕ್ಕವನ್ನು ನಡುವೆ ನಕಲು ಮಾಡಿದರೆ ಅರ್ಧಬರೆದ ಪುಟ ಸಿಕ್ಕೀತು. ವಿದ್ಯುತ್ತಿನ ಮಟ್ಟಿಗೆ, ಯು.ಎಸ್.ಬಿ. ತಂತಿಯ ಮೂಲಕ ಸರ್ವರಿಗೆ ಸೂಚನೆ ಕೊಡಬಲ್ಲ ಯು.ಪಿ.ಎಸ್. ಕೊಳ್ಳಿ. ಮನೆಯ ಸಾಮಾನ್ಯ ಇನ್‌ವರ್ಟರು ದೀಪವನ್ನು ಉರಿಸುತ್ತದೆ, ಆದರೆ ಬ್ಯಾಟರಿ ಮುಗಿಯುತ್ತಿದೆಯೆಂದು ಸರ್ವರಿಗೆ ಹೇಳಲಾರದು. ಖರ್ಚಿನ ಅಂದಾಜಿಗೆ, 35 ವ್ಯಾಟ್ ಎಳೆಯುವ ಯಂತ್ರವು ಹಗಲಿರುಳು ನಡೆದರೆ ತಿಂಗಳಿಗೆ ಸುಮಾರು 25 ಯೂನಿಟ್ ಆಗುತ್ತದೆ.

ಕೊನೆಯದಾಗಿ ನನ್ನ ವೃತ್ತಿಯವರ ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ಕಕ್ಷಿದಾರರನ್ನು ನಾನು ಪ್ರತಿವರ್ಷವೂ "ಬ್ಯಾಕಪ್ ಇದೆಯೇ?" ಎಂದು ಕೇಳುತ್ತಿದ್ದೆ. ಅವರು "ಇದೆ" ಎನ್ನುತ್ತಿದ್ದರು, ನಾನು ಗುರುತು ಹಾಕಿಕೊಳ್ಳುತ್ತಿದ್ದೆ. "ಒಂದು ಹಳೆಯ ಬಿಲ್ಲನ್ನು ಬೇರೆ ಯಂತ್ರದಲ್ಲಿ ತೆರೆದು ತೋರಿಸಿ" ಎಂದು ಒಮ್ಮೆಯೂ ಕೇಳಲಿಲ್ಲ. ನಗದು ಶಿಲ್ಕನ್ನು ಎಣಿಸದೆ ಸಹಿ ಹಾಕದ ನಾನು ದತ್ತಾಂಶದ ಶಿಲ್ಕನ್ನು ಎಣಿಸದೆ ಸಹಿ ಹಾಕಿದೆ. ಈಗ ಪ್ರತಿ ಲೆಕ್ಕಪರಿಶೋಧನೆಯಲ್ಲೂ ಆ ಪರೀಕ್ಷೆಯನ್ನು ಮಾಡಿಸುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ, ಆಗಲಿ.

ನಮ್ಮ ವಾಣಿಜ್ಯ ಸಂಸ್ಥೆಗೆ ನನ್ನದೊಂದು ವಿನಂತಿಯಿದೆ. ಸಂಸ್ಥೆಯ ಕಚೇರಿಯಲ್ಲಿ ಲಿನಕ್ಸ್ ಹಾಗೂ ಝಡ್‌ಎಫ್‌ಎಸ್ ಓದಬಲ್ಲ ಒಂದು ಯಂತ್ರವನ್ನು ಇಟ್ಟು, ವರ್ಷಕ್ಕೊಮ್ಮೆ ಸದಸ್ಯರು ತಮ್ಮ ನಕಲಿನ ಡಿಸ್ಕನ್ನು ತಂದು ತಮ್ಮ ಕಣ್ಣೆದುರಿಗೇ ತೆರೆದು ನೋಡಿಕೊಳ್ಳುವ ದಿನವೊಂದನ್ನು ಗೊತ್ತುಮಾಡಬೇಕು. ಆ ಊರಿನ ಇಬ್ಬರು ಮೂವರು ತಂತ್ರಜ್ಞರನ್ನು ಅಂದು ಕರೆಸಿದರೆ ನಾಲ್ಕನೆಯ ಪ್ರಶ್ನೆಗೂ ಉತ್ತರ ಸಿಕ್ಕಂತಾಗುವುದು. ದೀಪಾವಳಿಗೆ ಒಂದು ವಾರ ಮೊದಲು ಇದನ್ನು ಮಾಡಿದರೆ ಉಚಿತ. ತೆರೆದು ಓದಲು ಬಂದ ಡಿಸ್ಕನ್ನು ಲಕ್ಷ್ಮೀಪೂಜೆಯಂದು ಖಾತೆಪುಸ್ತಕದ ಪಕ್ಕದಲ್ಲಿ ಇಡಬಹುದು. ತೆರೆಯದೇ ಹೋದವರಿಗೆ ಅದನ್ನು ಸರಿಪಡಿಸಿಕೊಳ್ಳಲು ಇನ್ನೂ ಒಂದು ವಾರದ ಕಾಲಾವಕಾಶ ಇರುತ್ತದೆ.